‘ಹುಬ್ಬಳ್ಳಿ = ಧಾರವಾಡ’ ಎಂದು ಪ್ರೂವರ್ ಒಪ್ಪಿಕೊಂಡಾಗ: ಒಂದು ದೋಷ ನಿವಾರಣೆ ಕೈಪಿಡಿ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಓದುತ್ತ, ತಮ್ಮದೇ ಪುಟ್ಟ ಥಿಯರಮ್ ಪ್ರೂವರ್ ಕಟ್ಟಲು ಹೊರಟಿರುವವರಿಗಾಗಿ ಇದನ್ನು ಬರೆದಿದ್ದೇನೆ. ಬಳಕೆದಾರರು ಒಂದೊಂದೇ ಹಂತ ಹೇಳುತ್ತಾರೆ, ಯಂತ್ರ ಪ್ರತಿ ಹಂತವನ್ನೂ ಪರಿಶೀಲಿಸಿ ಕೊನೆಗೆ ಪ್ರಮೇಯವನ್ನು ಕೈಗಿಡುತ್ತದೆ. ಇಂಥ ತಂತ್ರಾಂಶದ ಮೊದಲ ಆವೃತ್ತಿ ಹೇಗೋ ನಡೆದುಬಿಡುತ್ತದೆ. ಅದನ್ನು ಬಿಚ್ಚಿ ಮತ್ತೆ ಜೋಡಿಸುವಾಗ, ಅಂದರೆ ರಿಫ್ಯಾಕ್ಟರಿಂಗ್ ಹೊತ್ತಿನಲ್ಲಿ, ತೊಂದರೆಗಳು ಒಂದರ ಹಿಂದೆ ಒಂದು ತಲೆ ಎತ್ತುತ್ತವೆ.

ನಿಮ್ಮ ಪ್ರೂವರ್ ಓಕ್ಯಾಮಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ, ಎಲ್‌ಸಿಎಫ್ ಎಂಬ ಹಳೆಯ ಪ್ರೂವರ್‌ನ ಮಾದರಿಯದು ಎಂದು ಇಟ್ಟುಕೊಳ್ಳುತ್ತೇನೆ. 1972ರ ಸ್ಟ್ಯಾನ್‌ಫರ್ಡ್ ಎಲ್‌ಸಿಎಫ್ ಸಾಧನೆಯ (ಪ್ರೂಫ್‌ನ) ಪ್ರತಿ ಹೆಜ್ಜೆಯನ್ನೂ ಮೆಮೊರಿಯಲ್ಲಿ ಕೂಡಿಡುತ್ತಿತ್ತು. ದೊಡ್ಡ ಸಾಧನೆಗಳಿಗೆ ಜಾಗ ಸಾಲುತ್ತಿರಲಿಲ್ಲ. ಅದನ್ನು ಕಟ್ಟಿದ ರಾಬಿನ್ ಮಿಲ್ನರ್ ಎಡಿನ್‌ಬರೋಗೆ ಹೋದ ಮೇಲೆ ಅಲ್ಲಿ ಬೇರೆ ದಾರಿ ಹಿಡಿದರು. ‘ಪ್ರಮೇಯ’ ಎಂಬುದನ್ನೇ ಒಂದು ಅಮೂರ್ತ ಟೈಪ್ ಮಾಡಿ, ಆ ಟೈಪ್‌ನ ಮೌಲ್ಯಗಳು ನಿಗಮನ ನಿಯಮಗಳ ಮೂಲಕ ಮಾತ್ರ ಹುಟ್ಟುವಂತೆ ಕಟ್ಟಿಹಾಕಿದರು. ಆಗ ಹೆಜ್ಜೆಗಳನ್ನು ಮರೆತರೂ ಪ್ರಮೇಯದ ಮೇಲಿನ ನಂಬಿಕೆ ಉಳಿಯುತ್ತದೆ. ಎಂಎಲ್ ಭಾಷೆ ಹುಟ್ಟಿದ್ದು ಈ ಕೆಲಸಕ್ಕಾಗಿ. ಓಕ್ಯಾಮಲ್ ಅದರ ವಂಶದ್ದು. ಜಾನ್ ಹ್ಯಾರಿಸನ್ ಅವರ ಎಚ್‌ಒಎಲ್ ಲೈಟ್ ಎಂಬ ಪ್ರೂವರ್ ಇದೇ ದಾರಿಯಲ್ಲಿ ಹತ್ತು ಮೂಲ ನಿಯಮ, ಮೂರು ಸ್ವಯಂಸಿದ್ಧಗಳ ಮೇಲೆ ನಿಂತಿದೆ. ಅದರ ಕರ್ನಲ್, ಅಂದರೆ ಪ್ರಮೇಯ ಹುಟ್ಟಿಸುವ ಹಕ್ಕಿರುವ ತಿರುಳು ಭಾಗ, ಕೆಲವು ನೂರು ಸಾಲುಗಳದ್ದು, ಅಷ್ಟೆ.

ಪರೀಕ್ಷೆಗೆ ಒಂದು ಚಿಕ್ಕ ಟೈಪ್ ಮಾಡಿಕೊಳ್ಳಿ. ಅದರ ಹೆಸರು ‘ಊರು’. ಅದರಲ್ಲಿ ಎರಡೇ ಸದಸ್ಯರು: ಹುಬ್ಬಳ್ಳಿ, ಧಾರವಾಡ. 1962ರಲ್ಲಿ ಎರಡೂ ಊರುಗಳನ್ನು ಸೇರಿಸಿ ಒಂದೇ ಪಾಲಿಕೆ ಮಾಡಿದರು ನಿಜ, ಆದರೆ ನಮ್ಮ ಟೈಪ್‌ನಲ್ಲಿ ಅವು ಬೇರೆ ಬೇರೆ. ‘ಹುಬ್ಬಳ್ಳಿ ≠ ಧಾರವಾಡ’ ಎಂಬುದು ಸಾಧಿಸಿದ ಪ್ರಮೇಯ. ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಈ ಎರಡೇ ಸದಸ್ಯರಿಂದ ಆಗುತ್ತವೆ. ನೈಸರ್ಗಿಕ ಸಂಖ್ಯೆಗಳನ್ನು ತಂದರೆ ದೋಷ ಸಂಖ್ಯೆಗಳಲ್ಲಿದೆಯೋ ತರ್ಕದಲ್ಲಿದೆಯೋ ಎಂಬ ಇನ್ನೊಂದು ಅನುಮಾನ ಸೇರಿಕೊಳ್ಳುತ್ತದೆ.

ದೋಷ ಗಡಿಯ ಯಾವ ಬದಿಯದು?

ಕೋಡ್ ತೆರೆಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಪ್ರೂವರ್ ಒಪ್ಪಬಾರದ್ದನ್ನು ಒಪ್ಪುತ್ತಿದೆಯೇ, ಅಥವಾ ಒಪ್ಪಬೇಕಾದ್ದನ್ನು ಒಪ್ಪುತ್ತಿಲ್ಲವೇ? ಎರಡನೆಯದಾದರೆ ದೋಷ ಸಾಮಾನ್ಯವಾಗಿ ಟ್ಯಾಕ್ಟಿಕ್ (ಸಾಧನೆಯ ಒಂದು ಹಂತ ನಡೆಸುವ ಫಂಕ್ಷನ್), ಪಾರ್ಸರ್ (ಬರೆದದ್ದನ್ನು ಓದಿ ಅರ್ಥಮಾಡಿಕೊಳ್ಳುವ ಭಾಗ) ಅಥವಾ ಸಿಂಪ್ಲಿಫೈಯರ್‌ನಲ್ಲಿ (ಸಮೀಕರಣ ಬಳಸಿ ಪದಗಳನ್ನು ಸರಳಗೊಳಿಸುವ ಭಾಗದಲ್ಲಿ) ಇರುತ್ತದೆ. ಕೆಲಸ ನಿಲ್ಲುತ್ತದೆ, ಆದರೆ ಈವರೆಗೆ ಸಾಧಿಸಿದ ಯಾವುದೂ ಹಾಳಾಗಿರುವುದಿಲ್ಲ. ಮೊದಲನೆಯದಾದರೆ ದೋಷ ಕರ್ನಲ್‌ನಲ್ಲಿದೆ ಇಲ್ಲವೇ ಕರ್ನಲ್‌ನ ಬೇಲಿಯಲ್ಲಿದೆ, ಅಂದರೆ ಹೊರಗಿನ ಕೋಡ್ ಪ್ರಮೇಯ ತಯಾರಿಸದಂತೆ ತಡೆಯುವ ಗಡಿಯಲ್ಲಿದೆ. ಇಡೀ ಗ್ರಂಥಾಲಯದ ಒಂದು ಪ್ರಮೇಯವನ್ನೂ ಆಗ ನಂಬುವಂತಿಲ್ಲ. ಟ್ಯಾಕ್ಟಿಕ್ ಎಷ್ಟೇ ಕೆಟ್ಟದಾಗಿ ಬರೆದಿದ್ದರೂ ಅದರಿಂದ ಸುಳ್ಳು ಪ್ರಮೇಯ ಹುಟ್ಟಬಾರದು. ಹುಟ್ಟಿದೆ ಎಂದಾದರೆ ಟ್ಯಾಕ್ಟಿಕ್ ತಿದ್ದಲು ಕೈ ಹಾಕಲೇಬೇಡಿ. ತಿದ್ದಿದರೆ ಲಕ್ಷಣ ಮಾಯವಾಗುತ್ತದೆ, ರೋಗ ಒಳಗೇ ಉಳಿಯುತ್ತದೆ. ಈ ಕೈಪಿಡಿಯಲ್ಲಿ ಉಳಿದದ್ದನ್ನೆಲ್ಲ ಮರೆತರೂ ಇದೊಂದನ್ನು ನೆನಪಿಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

‘ಸುಳ್ಳು ಸಾಧನೆಯಾಗಿದೆ’ ಎಂದು ಗಾಬರಿಯಾಗುವ ಮುನ್ನ ಪ್ರಮೇಯವನ್ನು ಪೂರ್ತಿ ಮುದ್ರಿಸಿ ನೋಡಿ. ಹೊಸ ಪ್ರೂವರ್‌ಗಳ ಪ್ರಿಂಟರ್ ಊಹೆಗಳನ್ನು ಬಚ್ಚಿಟ್ಟು ನಿರ್ಣಯವನ್ನು ಮಾತ್ರ ತೋರಿಸುವುದುಂಟು. ‘ಹುಬ್ಬಳ್ಳಿ = ಧಾರವಾಡ’ ಎಂಬ ಊಹೆಯಿಂದ ‘ಹುಬ್ಬಳ್ಳಿ = ಧಾರವಾಡ’ ಎಂಬ ನಿರ್ಣಯ ಬಂದಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಆಮೇಲೆ ಸ್ವಯಂಸಿದ್ಧಗಳ ಪಟ್ಟಿಯನ್ನು ತೆಗೆಸಿ. ‘ಇದನ್ನು ಆಮೇಲೆ ಸಾಧಿಸೋಣ’ ಎಂದು ಬಿಟ್ಟ ಕಡೆಯಲ್ಲೆಲ್ಲ ಒಂದು ತಾತ್ಕಾಲಿಕ ಸ್ವಯಂಸಿದ್ಧ ಕೂತಿರುತ್ತದೆ. ಲೀನ್ ಮತ್ತು ಇಸಾಬೆಲ್ ಎಂಬ ಪ್ರೂವರ್‌ಗಳಲ್ಲಿ ಇದಕ್ಕೆ ‘ಸಾರಿ’ ಎಂಬ ಆಜ್ಞೆಯೇ ಇದೆ. ನಿಮ್ಮಲ್ಲೂ ಅಂಥದ್ದು ಇರಲಿ, ಆದರೆ ಅದರಿಂದ ಬಂದ ಪ್ರಮೇಯದ ಮೇಲೆ ಅಳಿಸಲಾಗದ ಗುರುತು ಬೀಳಲಿ.

ಊಹೆಯೂ ಇಲ್ಲ, ತಾತ್ಕಾಲಿಕ ಸ್ವಯಂಸಿದ್ಧವೂ ಇಲ್ಲ, ಆದರೂ ಹುಬ್ಬಳ್ಳಿಯೇ ಧಾರವಾಡ ಎನ್ನುತ್ತಿದೆ ಎಂದಾದರೆ ಮುಂದೆ ಓದಿ.

ಬೇಲಿ ಮುರಿದಿದೆಯೇ ನೋಡಿ

ಕರ್ನಲ್‌ನ ನಿಯಮಗಳನ್ನು ಅನುಮಾನಿಸುವ ಮೊದಲು ಇಂಟರ್ಫೇಸ್ ಕಡತ ತೆರೆಯಿರಿ. ಪ್ರಮೇಯದ ಟೈಪ್ ಅಲ್ಲಿ ಅಮೂರ್ತವಾಗಿಯೇ ಇದೆಯೇ? ರಿಫ್ಯಾಕ್ಟರಿಂಗ್ ಮಾಡುವಾಗ ಪ್ರಿಂಟರನ್ನು ಬೇರೆ ಕಡತಕ್ಕೆ ಸಾಗಿಸುತ್ತಾರೆ. ಪ್ರಿಂಟರ್‌ಗೆ ಪ್ರಮೇಯದ ಒಳಭಾಗ ಬೇಕಾಗುತ್ತದೆ. ಕಂಪೈಲರ್ ತಕರಾರು ಮಾಡುತ್ತದೆ. ಆಗ ಯಾರೋ ಟೈಪ್‌ನ ವ್ಯಾಖ್ಯೆಯನ್ನು ಇಂಟರ್ಫೇಸ್‌ಗೆ ಎತ್ತಿ ಹಾಕುತ್ತಾರೆ, ಕಂಪೈಲರ್ ಸುಮ್ಮನಾಗುತ್ತದೆ. ಆ ಕ್ಷಣದಿಂದ ಯಾವ ಕಡತದಲ್ಲಿ ಬೇಕಾದರೂ ಯಾರು ಬೇಕಾದರೂ ಪ್ರಮೇಯ ತಯಾರಿಸಬಹುದು. ಒಳಭಾಗವನ್ನು ಓದಲು ಬಿಟ್ಟು ಕಟ್ಟಲು ಬಿಡದ ‘ಪ್ರೈವೇಟ್’ ಎಂಬ ಸೌಕರ್ಯ ಓಕ್ಯಾಮಲ್‌ನಲ್ಲಿ ಇದೆ. ಅಥವಾ ಊಹೆಗಳನ್ನೂ ನಿರ್ಣಯವನ್ನೂ ಮರಳಿಸುವ ಒಂದು ಫಂಕ್ಷನ್ ಕೊಟ್ಟರೆ ಪ್ರಿಂಟರ್‌ಗೆ ಅಷ್ಟೇ ಸಾಕು.

ಬೇಲಿಯಲ್ಲಿ ಇನ್ನೂ ಎರಡು ಕಳ್ಳದಾರಿಗಳಿವೆ. ಒಂದು, ಗ್ರಂಥಾಲಯ ಬೇಗ ಲೋಡ್ ಆಗಲಿ ಎಂದು ಪ್ರಮೇಯಗಳನ್ನು ಓಕ್ಯಾಮಲ್‌ನ ಮಾರ್ಷಲ್ ಎಂಬ ಸೌಕರ್ಯದ ಮೂಲಕ ಡಿಸ್ಕ್‌ಗೆ ಬರೆದು ಮತ್ತೆ ಓದುವುದು. ಮಾರ್ಷಲ್ ಕಡತದಲ್ಲಿರುವುದು ಯಾವ ಟೈಪ್ ಎಂದು ಪರೀಕ್ಷಿಸುವುದಿಲ್ಲ. ನೀವು ಹೇಳಿದ ಟೈಪ್ ಎಂದೇ ನಂಬುತ್ತದೆ. ಹಳೆಯ ಆವೃತ್ತಿಯ ಕಡತ, ಅರ್ಧ ಬರೆದಾಗ ಕರೆಂಟ್ ಹೋಗಿ ನಿಂತ ಕಡತ, ಬೇರೆ ವ್ಯಾಖ್ಯೆಗಳಡಿ ಉಳಿಸಿದ ಕಡತ, ಇವೆಲ್ಲ ಪ್ರಮೇಯದ ವೇಷದಲ್ಲಿ ಒಳಬರಬಹುದು. ದೋಷ ಹುಡುಕುವಾಗ ಈ ಕಡತಗಳನ್ನೆಲ್ಲ ಅಳಿಸಿ ಮೊದಲಿನಿಂದ ಲೋಡ್ ಮಾಡಿ. ಸುಳ್ಳು ಮಾಯವಾದರೆ ಕಾರಣ ಸಿಕ್ಕಿದಂತೆ. ಎರಡನೆಯದು ಹೆಸರುಗಳು. ಓಕ್ಯಾಮಲ್‌ನಲ್ಲಿ ಸ್ಟ್ರಿಂಗ್‌ಗಳು ಬದಲಾಗದಂತೆ ಪೂರ್ವನಿಯೋಜಿತವಾಗಿ ಭದ್ರವಾದದ್ದು 2017ರ 4.06 ಆವೃತ್ತಿಯಿಂದ. ಅದಕ್ಕೂ ಮೊದಲಿನ ಕೋಡ್ ಎರವಲು ತಂದಿದ್ದರೆ, ಅಥವಾ ಲೆಕ್ಸರ್ (ಪಠ್ಯವನ್ನು ಹೆಸರು, ಚಿಹ್ನೆಗಳಾಗಿ ಬಿಡಿಸುವ ಭಾಗ) ವೇಗಕ್ಕೆಂದು ಒಂದೇ ಬೈಟ್ಸ್ ಬಫರನ್ನು ನಕಲು ಮಾಡದೆ ಸ್ಟ್ರಿಂಗ್ ಎಂದು ಕೊಡುತ್ತಿದ್ದರೆ, ಪ್ರಮೇಯ ಸಾಧನೆಯಾದ ಮೇಲೆ ಅದರೊಳಗಿನ ಹೆಸರು ಬದಲಾಗುತ್ತದೆ. ಇದರ ಲಕ್ಷಣ ಸ್ಪಷ್ಟ: ಒಂದೇ ಪ್ರಮೇಯವನ್ನು ಎರಡು ಸಲ ಮುದ್ರಿಸಿದರೆ ಎರಡು ಬಗೆಯಾಗಿ ಕಾಣುತ್ತದೆ.

ಆದೇಶದಲ್ಲಿ ಚರ ಸೆರೆಯಾಗುವುದು

ಬೇಲಿ ಗಟ್ಟಿಯಾಗಿದ್ದರೆ ಮೊದಲ ಅನುಮಾನ ಆದೇಶದ (ಸಬ್‌ಸ್ಟಿಟ್ಯೂಷನ್) ಫಂಕ್ಷನ್ ಮೇಲೆ ಹೋಗಬೇಕು. ಚರದ ಜಾಗದಲ್ಲಿ ಪದವನ್ನಿಡುವುದು ನೋಡಲು ಬಹಳ ಸುಲಭ, ಬರೆಯಲು ಬಹಳ ಕಷ್ಟ. ನನ್ನ ದೃಷ್ಟಿಯಲ್ಲಿ ಇಡೀ ಕರ್ನಲ್‌ನಲ್ಲಿ ಅತಿ ಹೆಚ್ಚು ಪರೀಕ್ಷೆ ಬೇಡುವ ಭಾಗ ಇದೇ.

ಈ ಪರೀಕ್ಷೆ ಮಾಡಿ. ‘ಪ್ರತಿ ಯ-ಗೂ, ರ ≠ ಯ ಆಗುವಂಥ ಒಂದು ರ ಇದೆ’ ಎಂಬುದು ನಮ್ಮ ಊರು ಟೈಪ್‌ನಲ್ಲಿ ನಿಜ: ಹುಬ್ಬಳ್ಳಿಗೆ ಧಾರವಾಡ ಇದೆ, ಧಾರವಾಡಕ್ಕೆ ಹುಬ್ಬಳ್ಳಿ ಇದೆ. ಇದನ್ನು ಸಾಧಿಸಿ, ಆಮೇಲೆ ಯ ಜಾಗದಲ್ಲಿ ‘ರ’ ಎಂಬ ಮುಕ್ತ ಚರವನ್ನು ಆದೇಶಿಸಿ (‘ಪ್ರತಿ’, ‘ಒಂದು ಇದೆ’ ಎಂಬಂಥ ಬಂಧಕದ ಹಿಡಿತದಲ್ಲಿರುವ ಚರ ಬದ್ಧ, ಇಲ್ಲದ್ದು ಮುಕ್ತ). ಸರಿಯಾದ ಕರ್ನಲ್ ಒಳಗಿನ ಬದ್ಧ ಚರಕ್ಕೆ ಹೊಸ ಹೆಸರು ಕೊಟ್ಟು ‘ರ′ ≠ ರ ಆಗುವಂಥ ಒಂದು ರ′ ಇದೆ’ ಎನ್ನುತ್ತದೆ. ಕೆಟ್ಟ ಕರ್ನಲ್ ‘ರ ≠ ರ ಆಗುವಂಥ ಒಂದು ರ ಇದೆ’ ಎನ್ನುತ್ತದೆ. ತನಗೆ ತಾನೇ ಬೇರೆಯಾದ ಊರು. ಅಲ್ಲಿಂದ ಅಸತ್ಯಕ್ಕೆ ಒಂದು ಹೆಜ್ಜೆ, ಅಸತ್ಯದಿಂದ ಹುಬ್ಬಳ್ಳಿ = ಧಾರವಾಡಕ್ಕೆ ಇನ್ನೊಂದು. ಟೈಪ್ ಚರಗಳಿಗೆ ಟೈಪ್ ಆದೇಶಿಸುವಾಗಲೂ ಇದೇ ಅಪಾಯವಿದೆ. ಟೈಪ್ ಬೇರೆಯಾದ್ದರಿಂದ ಬೇರೆ ಎನಿಸಿಕೊಂಡಿದ್ದ ಒಂದೇ ಹೆಸರಿನ ಎರಡು ಚರಗಳು, ಆದೇಶವಾದ ಮೇಲೆ ಒಂದೇ ಆಗಿಬಿಡುತ್ತವೆ. ಈ ಎರಡನೆಯದಕ್ಕೆ ಪರೀಕ್ಷೆ ಬರೆಯದೆ ಬಿಡುವವರೇ ಹೆಚ್ಚು, ದಯವಿಟ್ಟು ಬರೆಯಿರಿ.

ಹೆಸರುಗಳ ಈ ಕಾಟ ತಪ್ಪಿಸಲೆಂದು ಎಷ್ಟೋ ಜನ ನಡುವೆ ಡಿ ಬ್ರೈನ್ ಸೂಚ್ಯಂಕಗಳಿಗೆ ಬದಲಾಯಿಸುತ್ತಾರೆ. ಆಟೋಮ್ಯಾತ್ ಎಂಬ ಹಳೆಯ ಸಾಧನೆ ಪರಿಶೀಲಕವನ್ನು ಕಟ್ಟಿದ ನಿಕೋಲಾಸ್ ಡಿ ಬ್ರೈನ್ 1972ರಲ್ಲಿ ವಿವರಿಸಿದ ಪದ್ಧತಿ ಇದು: ಬದ್ಧ ಚರಕ್ಕೆ ಹೆಸರಿನ ಬದಲು, ಅದನ್ನು ಬಂಧಿಸಿದ ಜಾಗ ಎಷ್ಟು ಪದರ ಹೊರಗಿದೆ ಎಂಬ ಸಂಖ್ಯೆ. ಒಳ್ಳೆಯ ಬದಲಾವಣೆಯೇ. ಆದರೆ ದೋಷ ಹೋಗುವುದಿಲ್ಲ, ವೇಷ ಬದಲಿಸುತ್ತದೆ. ಒಂದು ಪದವನ್ನು ಬಂಧಕದೊಳಗೆ ಒಯ್ಯುವಾಗ ಅದರ ಮುಕ್ತ ಸೂಚ್ಯಂಕಗಳನ್ನೆಲ್ಲ ಒಂದರಷ್ಟು ಏರಿಸಬೇಕು. ಅದು ಮರೆತುಹೋದರೆ ಚರ ಬೇರೆ ಯಾವುದೋ ಬಂಧಕಕ್ಕೆ ಅಂಟಿಕೊಳ್ಳುತ್ತದೆ. ಒಂದೇ ಕ್ವಾಂಟಿಫೈಯರ್ (‘ಪ್ರತಿ’ ಅಥವಾ ‘ಒಂದು ಇದೆ’) ಇರುವ ಪ್ರಮೇಯಗಳೆಲ್ಲ ಸರಿಯಾಗಿ ನಡೆದು, ಒಂದರೊಳಗೊಂದು ಬಂದಾಗ ಮಾತ್ರ ಕೆಡುತ್ತಿದ್ದರೆ ಈ ಏರಿಕೆಯಲ್ಲೇ ತಪ್ಪಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಮುಕ್ತ ಚರಗಳಿಗೆ ಹೆಸರು, ಬದ್ಧ ಚರಗಳಿಗೆ ಸೂಚ್ಯಂಕ ಎಂಬ ಮಿಶ್ರ ಪದ್ಧತಿ ಹೊಸಬರಿಗೆ ಹೆಚ್ಚು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ.

ಇದರ ಪಕ್ಕದಲ್ಲೇ ಇನ್ನೊಂದು ಪರೀಕ್ಷೆ. ‘ಯ = ಧಾರವಾಡ’ ಎಂದು ಊಹಿಸಿ, ಆ ಊಹೆ ಇನ್ನೂ ಉಳಿದಿರುವಾಗಲೇ ‘ಪ್ರತಿ ಯ-ಗೂ ಯ = ಧಾರವಾಡ’ ಎಂದು ಸಾಮಾನ್ಯೀಕರಿಸಲು ಯತ್ನಿಸಿ. ಕರ್ನಲ್ ನಿರಾಕರಿಸಬೇಕು, ಏಕೆಂದರೆ ಊಹೆಯಲ್ಲಿ ಯ ಮುಕ್ತವಾಗಿದೆ. ಒಪ್ಪಿದರೆ ಊಹೆಯನ್ನು ಷರತ್ತಾಗಿ ಹೊರತೆಗೆದು, ಯ ಜಾಗದಲ್ಲಿ ಧಾರವಾಡವನ್ನೇ ಇಟ್ಟು, ಎಲ್ಲ ಊರುಗಳೂ ಧಾರವಾಡವೇ ಎಂದು ಸಾಧಿಸಬಹುದು. ಊಹೆಗಳನ್ನು ಪಟ್ಟಿಯಿಂದ ಸೆಟ್‌ಗೆ ಬದಲಾಯಿಸಿದ ಹೊತ್ತಿನಲ್ಲಿ ಈ ತಪಾಸಣೆ ಕಳಚಿಬೀಳುವ ಸಾಧ್ಯತೆ ಹೆಚ್ಚು.

ವ್ಯಾಖ್ಯೆಗಳು

ವ್ಯಾಖ್ಯೆ ನಿರುಪದ್ರವಿ ಎಂದು ಎಲ್ಲರೂ ಭಾವಿಸುತ್ತಾರೆ. ಹಳೆಯ ಪದಗಳಿಗೆ ಹೊಸ ಹೆಸರು ಕೊಟ್ಟರೆ ಏನು ಕೆಡುತ್ತದೆ? ಬಹಳಷ್ಟು ಕೆಡುತ್ತದೆ.

ಒಂದು ಕಡತದಲ್ಲಿ ‘ತವರು’ ಎಂದರೆ ಹುಬ್ಬಳ್ಳಿ ಎಂದು ವ್ಯಾಖ್ಯಾನಿಸಿದ್ದಾರೆ. ಇನ್ನೊಬ್ಬರ ಕಡತದಲ್ಲಿ ‘ತವರು’ ಎಂದರೆ ಧಾರವಾಡ. ಬೇರೆ ಬೇರೆ ಇರುವವರೆಗೆ ಎರಡೂ ಸರಿ. ಸ್ಥಿರಪದಗಳ ಒಂದೇ ದೊಡ್ಡ ಕೋಷ್ಟಕವನ್ನು ಒಡೆದು ಕಡತಕ್ಕೊಂದು ಕೋಷ್ಟಕ ಮಾಡುವುದು ರಿಫ್ಯಾಕ್ಟರಿಂಗ್‌ನಲ್ಲಿ ಎಲ್ಲರಿಗೂ ಹೊಳೆಯುವ ಉಪಾಯ. ಹಾಗೆ ಒಡೆದ ಮೇಲೆ, ಎರಡೂ ಕಡತಗಳನ್ನು ಮೂರನೆಯದೊಂದು ಒಟ್ಟಿಗೆ ಲೋಡ್ ಮಾಡಿದಾಗ, ಎರಡು ‘ತವರು’ಗಳೂ ಹೆಸರಿನಿಂದ ಒಂದೇ ಆಗುತ್ತವೆ. ಸಮತೆಯ ಸಂಕ್ರಮಣ ನಿಯಮ ಒಂದೇ ಸಾಕು: ಹುಬ್ಬಳ್ಳಿ = ತವರು, ತವರು = ಧಾರವಾಡ, ಆದ್ದರಿಂದ ಹುಬ್ಬಳ್ಳಿ = ಧಾರವಾಡ. ‘ರದ್ದುಮಾಡು’ ಆಜ್ಞೆಯಿಂದಲೂ ಇದೇ ಫಲ. ರದ್ದುಮಾಡಿದಾಗ ಕೋಷ್ಟಕದಿಂದ ತವರು ಹೋಗುತ್ತದೆ, ಆದರೆ ಅದರ ಬಗ್ಗೆ ಸಾಧಿಸಿದ ಪ್ರಮೇಯ ಓಕ್ಯಾಮಲ್‌ನ ಯಾವುದೋ ಚರದಲ್ಲಿ ಜೀವಂತವಾಗಿರುತ್ತದೆ. ತವರನ್ನು ಬೇರೆಯಾಗಿ ವ್ಯಾಖ್ಯಾನಿಸಿ ಹಳೆಯ ಪ್ರಮೇಯವನ್ನು ಹೊರತೆಗೆದರೆ ಮುಗಿಯಿತು.

ಪರಿಹಾರ ಎರಡು ಬಗೆ. ಪ್ರತಿ ಸ್ಥಿರಪದಕ್ಕೂ ಕರ್ನಲ್ ಒಂದು ಗುಪ್ತ ಕ್ರಮಸಂಖ್ಯೆ ಕೊಟ್ಟು, ಹೋಲಿಸುವಾಗ ಹೆಸರಿನ ಜೊತೆ ಅದನ್ನೂ ನೋಡುವುದು ಒಂದು. ಕರ್ನಲ್‌ನಿಂದ ಬದಲಾಗುವ ಕೋಷ್ಟಕವನ್ನೇ ತೆಗೆದು, ಪರಿಸರವನ್ನು, ಅಂದರೆ ಈವರೆಗಿನ ವ್ಯಾಖ್ಯೆಗಳ ಪಟ್ಟಿಯನ್ನು, ಬದಲಾಗದ ಶುದ್ಧ ಮೌಲ್ಯವಾಗಿ ಕೈಯಿಂದ ಕೈಗೆ ದಾಟಿಸುವುದು ಇನ್ನೊಂದು. ಈಗ ರಾಕ್ ಎಂದು ಕರೆಸಿಕೊಳ್ಳುವ ಕಾಕ್ ಎಂಬ ಪ್ರೂವರ್ ತನ್ನ ಏಳನೆಯ ಆವೃತ್ತಿಯಲ್ಲಿ ಈ ಎರಡನೆಯ ದಾರಿ ಹಿಡಿಯಿತು. ಝಾನ್-ಕ್ರಿಸ್ಟೋಫ್ ಫಿಲಿಯಾತ್ರ್ ಅದರ ವಾಸ್ತುವನ್ನು ಬದಲಿಸಿ, ಪೂರ್ತಿ ಫಂಕ್ಷನಲ್ ಶೈಲಿಯ ಕರ್ನಲ್ ಅನ್ನು ಪ್ರತ್ಯೇಕಿಸಿದರು. ಕೆಲಸ ದೊಡ್ಡದು. ಪ್ರೂವರ್ ಚಿಕ್ಕದಿರುವಾಗಲೇ ಮಾಡಿಬಿಟ್ಟರೆ ಮುಂದೆ ಉಸಿರಾಡಬಹುದು.

ವ್ಯಾಖ್ಯೆಯಲ್ಲಿ ಅಡಗಿರುವ ಇನ್ನೊಂದು ಬಲೆ ಸೂಕ್ಷ್ಮ. ‘ಬಹು’ ಎಂಬ ಸತ್ಯಾಸತ್ಯ ಮೌಲ್ಯದ ಸ್ಥಿರಪದವನ್ನು ‘ಅ ಟೈಪ್‌ನಲ್ಲಿ ಪರಸ್ಪರ ಬೇರೆಯಾದ ಇಬ್ಬರು ಸದಸ್ಯರಿದ್ದಾರೆ’ ಎಂದು ವ್ಯಾಖ್ಯಾನಿಸಿ, ಇಲ್ಲಿ ಅ ಟೈಪ್ ಚರವಾಗಿರಲಿ. ಅ ಜಾಗದಲ್ಲಿ ಊರು ಇಟ್ಟರೆ ಬಹು ನಿಜ. ಒಂದೇ ಸದಸ್ಯನಿರುವ ಟೈಪ್ ಇಟ್ಟರೆ ಬಹು ಸುಳ್ಳು. ಆದರೆ ಬಹುವಿನ ಸ್ವಂತ ಟೈಪ್‌ನಲ್ಲಿ ಅ ಕಾಣಿಸುವುದೇ ಇಲ್ಲವಾದ್ದರಿಂದ ಎರಡೂ ಒಂದೇ ಸ್ಥಿರಪದ. ನಿಜವೇ ಸುಳ್ಳು ಎಂದಾಯಿತು. ವ್ಯಾಖ್ಯೆಯ ಬಲಗಡೆ ಇರುವ ಟೈಪ್ ಚರಗಳೆಲ್ಲ ಸ್ಥಿರಪದದ ಟೈಪ್‌ನಲ್ಲೂ ಇರಬೇಕು, ಬಲಗಡೆ ಮುಕ್ತ ಚರ ಯಾವುದೂ ಇರಬಾರದು. ಈ ಎರಡು ತಪಾಸಣೆಗಳು ಕರ್ನಲ್ ಒಳಗಿರಬೇಕು, ಪಾರ್ಸರ್‌ನಲ್ಲಿದ್ದರೆ ಸಾಲದು.

ನಿಜ ಸಾಧನೆಯಾಗದಿದ್ದಾಗ

ಇಲ್ಲಿ ಆತಂಕ ಕಡಿಮೆ, ಕಿರಿಕಿರಿ ಹೆಚ್ಚು. ಟ್ಯಾಕ್ಟಿಕ್ ಒಂದು ಸಾಧನೀಯವನ್ನು (ಸಾಧಿಸಬೇಕಾದ ಗುರಿಯನ್ನು) ತೆಗೆದುಕೊಂಡು ಉಪಸಾಧನೀಯಗಳ ಪಟ್ಟಿಯನ್ನೂ, ಅವುಗಳ ಪ್ರಮೇಯಗಳು ಸಿಕ್ಕಾಗ ಮೂಲ ಪ್ರಮೇಯವನ್ನು ಕಟ್ಟಿಕೊಡುವ ಸಮರ್ಥನೆ ಫಂಕ್ಷನ್ ಒಂದನ್ನೂ ಕೊಡುತ್ತದೆ. ಎಲ್ಲ ಉಪಸಾಧನೀಯಗಳೂ ಮುಗಿದು, ಕಟ್ಟಕಡೆಗೆ ‘ಸಿಕ್ಕ ಪ್ರಮೇಯ ಸಾಧನೀಯಕ್ಕೆ ಹೊಂದುವುದಿಲ್ಲ’ ಎಂಬ ಸಂದೇಶ ಬಂದರೆ ಯಾವುದೋ ಸಮರ್ಥನೆ ಫಂಕ್ಷನ್ ತಪ್ಪಾಗಿದೆ. ಬಹಳ ಸಲ ಅದು ಪ್ರಮೇಯಗಳನ್ನು ಹಿಂದುಮುಂದಾಗಿ ತೆಗೆದುಕೊಳ್ಳುತ್ತಿರುತ್ತದೆ. ತಪ್ಪು ನಡೆದ ಜಾಗಕ್ಕೂ ತಪ್ಪು ಕಂಡ ಜಾಗಕ್ಕೂ ನೂರಾರು ಹೆಜ್ಜೆ ಅಂತರವಿರಬಹುದು ಎಂಬುದೇ ಇಲ್ಲಿನ ಸಂಕಟ. ಎಚ್‌ಒಎಲ್ ಲೈಟ್ ಮಾಡುವ ಉಪಾಯವನ್ನು ನೀವೂ ಮಾಡಿ. ಪ್ರತಿ ಟ್ಯಾಕ್ಟಿಕ್ ಓಡಿದ ಕೂಡಲೇ, ಉಪಸಾಧನೀಯಗಳಿಗೆ ಹುಸಿ ಪ್ರಮೇಯಗಳನ್ನು ತಯಾರಿಸಿ, ಸಮರ್ಥನೆ ಫಂಕ್ಷನ್ ಅನ್ನು ಅಲ್ಲೇ ಪ್ರಯೋಗಿಸಿ ನೋಡುವುದು. ಹುಸಿ ಪ್ರಮೇಯದ ಊಹೆಗಳಲ್ಲಿ ಅಸತ್ಯವನ್ನು ಸೂಚಿಸುವ ವಿಶೇಷ ಹೆಸರೊಂದು ಸೇರಿರುತ್ತದೆ, ಹಾಗಾಗಿ ಅದು ಎಲ್ಲಿ ಸೋರಿದರೂ ಕಣ್ಣಿಗೆ ಬೀಳುತ್ತದೆ, ಕರ್ನಲ್‌ಗೂ ಸುಳ್ಳು ಹೇಳಿದಂತಾಗುವುದಿಲ್ಲ.

ಹಳೆಯ ಸ್ಕ್ರಿಪ್ಟ್‌ಗಳೆಲ್ಲ ಏಕಕಾಲಕ್ಕೆ ಮುರಿದರೆ ಊಹೆಗಳ ಕ್ರಮ ಅಥವಾ ಅವುಗಳಿಗೆ ಯಂತ್ರ ಕೊಡುವ ಹೆಸರುಗಳು ಬದಲಾಗಿವೆಯೇ ನೋಡಿ. ಪ್ರೂವರ್ ಉತ್ತರವನ್ನೇ ಕೊಡದೆ ಓಡುತ್ತಿದ್ದರೆ ಸಿಂಪ್ಲಿಫೈಯರ್‌ಗೆ ಪರಿವರ್ತನೀಯತೆಯಂಥ ಸಮೀಕರಣ ಕೊಟ್ಟಿದ್ದೀರಿ; ಎಡಬಲ ಅದಲುಬದಲು ಮಾಡುತ್ತ ಅದು ನಿಲ್ಲುವುದೇ ಇಲ್ಲ. ಪದಗಳಿಗೆ ಒಂದು ಕ್ರಮ ನಿಗದಿ ಮಾಡಿ, ಫಲ ಆ ಕ್ರಮದಲ್ಲಿ ಚಿಕ್ಕದಾದಾಗ ಮಾತ್ರ ಬದಲಾಯಿಸಲು ಹೇಳಿ.

ಕನ್ನಡ ಹೆಸರುಗಳಿದ್ದರೆ

ನಮ್ಮ ಕಡೆಯ ಪ್ರೂವರ್‌ಗಳಲ್ಲಿ ಹೆಸರುಗಳು ಕನ್ನಡದಲ್ಲೇ ಇರಬೇಕೆಂದು ನಾನು ಬಲವಾಗಿ ಬಯಸುತ್ತೇನೆ, ಅದಕ್ಕೆ ತಕ್ಕ ಎಚ್ಚರವೂ ಬೇಕು. ಒಬ್ಬರು ಹಾವೇರಿಯಲ್ಲಿ ಮೊಬೈಲ್‌ನಲ್ಲಿ ಬರೆದದ್ದನ್ನು ಇನ್ನೊಬ್ಬರು ಧಾರವಾಡದಲ್ಲಿ ಬೇರೆ ಕೀಲಿಮಣೆಯಿಂದ ಮುಂದುವರಿಸಿದಾಗ, ಪರದೆಯ ಮೇಲೆ ಅಕ್ಷರಶಃ ಒಂದೇ ಆಗಿ ಕಾಣುವ ಎರಡು ಚರಗಳನ್ನು ಪ್ರೂವರ್ ಬೇರೆ ಎನ್ನುತ್ತದೆ. ಕಾರಣ ಮೂರರಲ್ಲಿ ಒಂದು.

‘ಲಕ್ಷ್ಮೇಶ್ವರ’ದ ಏತ್ವ ಯೂನಿಕೋಡ್‌ನಲ್ಲಿ 3271 ಎಂಬ ಒಂದೇ ಸಂಕೇತವಾಗಿರಬಹುದು, ಅಥವಾ 3270 ಮತ್ತು 3285 ಎಂಬ ಎರಡು ಸಂಕೇತಗಳಾಗಿರಬಹುದು. ಲೆಕ್ಸರ್ ಒಳಗೆ ಬರುವ ಪಠ್ಯವನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡ್‌ನ ಪ್ರಮಾಣಿತ ರೂಪಕ್ಕೆ, ತಂದರೆ ಇದು ಪರಿಹಾರವಾಗುತ್ತದೆ. ಕೆಲವು ಒತ್ತಕ್ಷರಗಳಿಗಾಗಿ ಕೀಲಿಮಣೆಗಳು ಸೇರಿಸುವ ಅದೃಶ್ಯ ಸಂಕೇತಗಳು, ಅಂದರೆ 8204 ಮತ್ತು 8205, ಎನ್‌ಎಫ್‌ಸಿಯಿಂದ ಹೋಗುವುದಿಲ್ಲ. ಹೋಲಿಸುವ ಮೊದಲು ಅವನ್ನು ಹೆಸರಿನಿಂದ ತೆಗೆಯಬೇಕು. ಮೂರನೆಯದು ಹೆಚ್ಚು ಕಾಡುವಂಥದ್ದು. ‘ಶಿಗ್ಗಾಂವಿ’ಯ ಅನುಸ್ವಾರದ ಸಂಕೇತ 3202. ಅದರ ಬದಲು ಸೊನ್ನೆ ಅಂಕಿಯನ್ನು, ಅಂದರೆ 3302 ಅನ್ನು ಒತ್ತಿ ‘ಶಿಗ್ಗಾ೦ವಿ’ ಎಂದು ಬರೆಯುವವರು ಬಹಳ. ಎನ್‌ಎಫ್‌ಸಿ ಇದನ್ನು ಮುಟ್ಟುವುದಿಲ್ಲ, ಏಕೆಂದರೆ ಅಕ್ಷರವೇ ಬೇರೆ. ಲೆಕ್ಸರ್ ತಾನೇ ತಿದ್ದಿಕೊಳ್ಳಬಾರದು ಎಂಬುದು ನನ್ನ ಖಚಿತ ನಿಲುವು. ಅಂಕಿಯ ನಂತರ ಮತ್ತೆ ಅಕ್ಷರ ಬಂದ ಹೆಸರನ್ನು ನಿರಾಕರಿಸಿ, ಎಷ್ಟನೆಯ ಅಕ್ಷರ ಎಂದು ತೋರಿಸಿ. ಹೆಸರಿನ ತುದಿಗೆ ಬರುವ ೦ ಕೂಡ ಅನುಮಾನಾಸ್ಪದವೇ. ಹಿಂದೆ ಇನ್ನೊಂದು ಅಂಕಿ ಇಲ್ಲದಿದ್ದರೆ ಅದನ್ನೂ ನಿರಾಕರಿಸಿ. ಇವೆಲ್ಲ ಕರ್ನಲ್‌ನ ಹೊರಗೇ ಆಗಬೇಕು. ಕರ್ನಲ್‌ಗೆ ಹೆಸರು ಬರೀ ಬೈಟ್‌ಗಳ ಸಾಲು, ಹಾಗೇ ಇರಲಿ.

ಯಾವ ಬದಲಾವಣೆಯಿಂದ ಕೆಟ್ಟಿತು?

ಮೇಲೆ ಹೇಳಿದ ಸಾಧನೆಯಾಗಬಾರದ ಪ್ರಯತ್ನಗಳನ್ನೆಲ್ಲ ಒಂದು ಕಡತದಲ್ಲಿಡಿ: ಸೆರೆಯಾಗುವ ಚರ, ಊಹೆಯಲ್ಲಿ ಮುಕ್ತವಾಗಿರುವ ಚರ, ಎರಡು ತವರು, ಬಹು. ಪ್ರತಿಯೊಂದೂ ವಿಫಲವಾದರೆ ಮಾತ್ರ ಆ ಕಡತ ಉತ್ತೀರ್ಣ. ಆಮೇಲೆ, ಕೋಡ್ ಯಾವ ಬದಲಾವಣೆಯಲ್ಲಿ ಕೆಟ್ಟಿತೆಂದು ಹುಡುಕಿಕೊಡುವ ಗಿಟ್ ಬೈಸೆಕ್ಟ್ ಆಜ್ಞೆಗೆ ಇದನ್ನೇ ಅಳತೆಗೋಲಾಗಿ ಕೊಡಿ. ಪ್ರತಿ ಸಲ ಅರ್ಧಕ್ಕೆ ಸೀಳುವುದರಿಂದ 64 ಬದಲಾವಣೆಗಳ ನಡುವಿನ ತಪ್ಪನ್ನು 6 ಪರೀಕ್ಷೆಗಳಲ್ಲಿ ಹಿಡಿಯಬಹುದು. ಪ್ರತಿ ಬದಲಾವಣೆಯೂ ಕಂಪೈಲ್ ಆಗುವಂತಿದ್ದರೆ ಮಾತ್ರ ಇದು ಸಾಧ್ಯ. ಆದ್ದರಿಂದ ಕರ್ನಲ್ ಮುಟ್ಟುವ ಬದಲಾವಣೆಯನ್ನು ಬೇರೆ ಯಾವುದರ ಜೊತೆಗೂ ಬೆರೆಸಬೇಡಿ, ಪ್ರಿಂಟರ್‌ನ ಸಣ್ಣ ತಿದ್ದುಪಡಿಯ ಜೊತೆಗೂ ಬೇಡ.

ದೋಷವನ್ನು ಗೆಳೆಯರಿಗೆ ತಿಳಿಸುವಾಗ ಪರದೆಯ ಚಿತ್ರ ಕಳಿಸಬೇಡಿ. ಅದರಲ್ಲಿ ೦ ಯಾವುದು, ಂ ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಸ್ಕ್ರಿಪ್ಟ್ ಕಡತವನ್ನೇ ಕಳಿಸಿ. ಅದರ ಜೊತೆಗೆ ಊಹೆಗಳ ಸಮೇತ ಮುದ್ರಿಸಿದ ಪ್ರಮೇಯ, ಬಳಕೆಯಾದ ಸ್ವಯಂಸಿದ್ಧಗಳ ಪಟ್ಟಿ, ಓಕ್ಯಾಮಲ್‌ನ ಆವೃತ್ತಿ ಮತ್ತು ಉಳಿಸಿದ ಕಡತಗಳನ್ನು ಅಳಿಸಿ ಮತ್ತೆ ಓಡಿಸಿದಾಗ ಏನಾಯಿತು ಎಂಬ ಒಂದು ಸಾಲು ಇರಲಿ.